ಗುಬ್ಬಿಯ ಹೆಸರಿನಲ್ಲಿ

ಕುರ್ಚಿಯಿಂದ ಎದ್ದ ಮೇಲೆಯೇ ಅವನಿಗೆ ಗೊತ್ತಾದದ್ದು. ಪತ್ರಿಕೆಯ ಒಳಪುಟ ಮುಗಿಸಿ, ಚಹಾದ ಲೋಟ ಎತ್ತಿಕೊಳ್ಳಲು ಮುಂದಕ್ಕೆ ಬಾಗಿದಾಗ ಏನೂ ಅನ್ನಿಸಿರಲಿಲ್ಲ. ಎದ್ದು ಎರಡು ಹೆಜ್ಜೆ ಇಟ್ಟಾಗ ತೊಡೆಯ ಹಿಂದೆ ತಣ್ಣಗೆ ತಾಕಿತು. ತಿರುಗಿ ನೋಡಿದ. ಕಂದು ದಿಂಬಿನ ಮೇಲೆ ಅಂಗೈಯಗಲದ ಕಪ್ಪು ಕಲೆ. ಬಚ್ಚಲಿನಲ್ಲಿ ಹೆಂಡತಿ ಮೈಮೇಲೆ ನೀರು ಸುರಿದುಕೊಳ್ಳುವ ಸದ್ದು ಇನ್ನೂ ಇತ್ತು. ಅದು ನಿಂತ ಮೇಲೆ ಬಾಗಿಲು ತೆರೆಯುವುದಕ್ಕೆ ಮೂರು ನಿಮಿಷ ಬೇಕು ಎಂಬುದು ಅವನಿಗೆ ಈಚೆಗೆ ಬಾಯಿಪಾಠವಾಗಿತ್ತು. ಕೋಣೆಗೆ ಹೋಗಿ ಪ್ಯಾಂಟು ಬದಲಿಸಿದ, ತೆಗೆದದ್ದನ್ನು ಸುರುಳಿ ಸುತ್ತಿ ತನ್ನ ಕೆಲಸದ ಚೀಲದ ತಳಕ್ಕೆ ತುರುಕಿದ, ಹೊರಗೆ ಬಂದು ಮೆಲ್ಲನೆ, ಯಾರೋ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೇನೋ ಎಂಬಂತೆ ಕರೆದ: "ಗುಬ್ಬಿ, ಬಾಮ್ಮ ಇಲ್ಲಿ."

ಮುಷ್ಟಿಯಷ್ಟಿದ್ದಾಗ ಇಟ್ಟ ಹೆಸರು. ಈಗ ಹನ್ನೊಂದು ವರ್ಷದ, ಇಪ್ಪತ್ತೆರಡು ಕಿಲೋ ತೂಗುವ ನಾಯಿಯನ್ನು ಗುಬ್ಬಿ ಎಂದು ಕರೆದರೆ ಬೀದಿಯಲ್ಲಿ ಜನ ನಕ್ಕೇ ಮುಂದೆ ಹೋಗುತ್ತಾರೆ. ಅಡುಗೆಮನೆಯ ಬಾಗಿಲ ಬಳಿಯಿಂದ ಅವಳು ಎದ್ದು ಬಂದಳು, ಏದುಸಿರು ಬಿಡುತ್ತ, ಗೋಡೆಗೆ ಮೈ ತಾಗಿಸಿಕೊಂಡು. ಅವನು ದಿಂಬನ್ನು ತಟ್ಟಿದ. ಕುರ್ಚಿ ಹತ್ತುವುದಕ್ಕೆ ಅವಳಿಗೆ ಅಪ್ಪಣೆ ಇರಲಿಲ್ಲ. ಆದ್ದರಿಂದ ಅನುಮಾನಿಸಿದಳು, ಕುರ್ಚಿಯ ಅಂಚಿಗೆ ಎದೆ ಬಡಿದುಕೊಂಡು ಒಂದು ಕ್ಷಣ ಬೆಪ್ಪಾಗಿ ನಿಂತಳು. ಅವನೇ ಹಿಂಗಾಲು ಎತ್ತಿ ಕೂರಿಸಿದ. ಒದ್ದೆಯ ಮೇಲೆ ಕೂತು ಅವಳು ಮೂಗು ತಗ್ಗಿಸಿ ಮೂಸಿದಳು. ಆಮೇಲೆ ಮುಖವೆತ್ತಿ ಅವನ ಕಡೆಗೆ ತಿರುಗಿದಳು. ಒಂದು ವಾರದಿಂದ ಅವಳು ನೋಡುತ್ತಿದ್ದುದೇ ಹೀಗೆ. ರೆಪ್ಪೆ ಮಿಟುಕಿಸದ, ಬಾವಿಯಂತೆ ಅಗಲವಾದ ಕಪ್ಪು ಕಣ್ಣು. ಅವನು ಆ ಜಾಗದಿಂದ ಎದ್ದು ಹೋದ ಮೇಲೂ ಅವನಿದ್ದಲ್ಲಿಗೇ ನೆಟ್ಟ ನೋಟ. ಮನೆಯಲ್ಲಿ ನಿಜ ಗೊತ್ತಿರುವುದು ಇವಳೊಬ್ಬಳಿಗೆ ಎಂದು ಅವನಿಗೆ ಹೊಳೆದದ್ದು ಆ ನೋಟದಿಂದಲೇ. ಬಚ್ಚಲಿನ ಬಾಗಿಲು ತೆರೆಯಿತು.

"ಅಯ್ಯೋ, ಮತ್ತೇನಾ! ನಾನು ಒಳಗೆ ಹೋಗಿ ಹತ್ತು ನಿಮಿಷ ಆಗಿಲ್ಲ. ಇಳಿ ಗುಬ್ಬಿ, ಇಳಿ ಕೆಳಗೆ!"

"ಬೈಬೇಡ, ಪಾಪ," ಎಂದ ಅವನು. "ಅವಳಿಗೆ ಗೊತ್ತೇ ಆಗಲ್ಲ ಅಂತ ಡಾಕ್ಟರು ಹೇಳಿಲ್ವಾ?"

ತನ್ನ ದನಿಯಲ್ಲಿದ್ದ ಕನಿಕರ ಅವನಿಗೇ ಕೇಳಿಸಿತು. ನಟಿಸಿದ್ದಲ್ಲ ಅದು, ನಿಜವಾದ ಕನಿಕರವೇ. ಅದು ಯಾರ ಮೇಲಿನದು ಎಂದು ಮಾತ್ರ ಅವನು ಯೋಚಿಸಲು ಹೋಗಲಿಲ್ಲ.

"ನಾನೆಲ್ಲಿ ಬೈದೆ? ಮಾತ್ರೆ ಅಷ್ಟು ಜಾಸ್ತಿ ಮಾಡಿದ್ರೂ ನಿಲ್ತಿಲ್ವಲ್ಲ ಅನ್ನೋ ಸಂಕಟ ನಂಗೆ. ಇವತ್ತು ಸಂಜೆ ಐದಕ್ಕೆ ಬರೋಕೆ ಹೇಳಿದಾರೆ, ಮರೀಬೇಡಿ. ಪುಸ್ತಕದಲ್ಲಿ ಬರೆದುಬಿಡಿ, ಇಲ್ಲದಿದ್ರೆ ಹೊತ್ತು ಮರೆತುಹೋಗುತ್ತೆ."

ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಹೆಂಡತಿ ಗೆರೆ ಎಳೆದು ಮಾಡಿಕೊಟ್ಟ ಪುಸ್ತಕ. ತಾರೀಕು, ಹೊತ್ತು, ಜಾಗ, ನಿದ್ದೆಯೋ ಎಚ್ಚರವೋ, ಎಷ್ಟು. ಗುಬ್ಬಿಯ ಸೋರಿಕೆಗೆ ಹೀಗೊಂದು ದಿನಚರಿ ಇಡಿ ಎಂದವರು ಪಶುವೈದ್ಯೆ. ಮೊದಲ ಪುಟಗಳಲ್ಲಿ ಹೆಂಡತಿಯ ದುಂಡನೆಯ ಅಕ್ಷರ: ಹಾಸಿಗೆ, ನಿದ್ದೆ, ತಟ್ಟೆಯಗಲ. ಆಮೇಲೆ ಪುಟದ ತುಂಬ ಖಾಲಿ ಗೆರೆಗಳು, ಹನಿಯೂ ಇಲ್ಲದ ದಿನಗಳು. ಅದರಾಚೆ ಮೂರು ತಿಂಗಳಿಂದ ಅವನ ಅಕ್ಷರ. ಅವನು ಪೆನ್ನು ತೆಗೆದುಕೊಂಡು ಬರೆದ: ಬೆಳಿಗ್ಗೆ ಏಳೂ ನಲವತ್ತು, ಕುರ್ಚಿ, ಎಚ್ಚರ, ಅಂಗೈಯಗಲ. ಅದರಲ್ಲಿ ಸುಳ್ಳು ಎನ್ನುವಂಥ ಒಂದು ಪದವೂ ಇರಲಿಲ್ಲ. ಪುಸ್ತಕದ ರಟ್ಟಿನ ಮೇಲೆ ಬರೆದಿದ್ದ ಹೆಸರೊಂದು ಬಿಟ್ಟು.

ಎಂಟು ತಿಂಗಳ ಹಿಂದೆ ಮೊದಲ ಸಲ ಗುಬ್ಬಿಯ ಹಾಸಿಗೆ ಒದ್ದೆಯಾದಾಗ ಅವನು ಅವಳಿಗೆ ಹೊಡೆದಿದ್ದ. ಸುತ್ತಿದ ಪತ್ರಿಕೆಯಿಂದ, ಮೂತಿಯ ಮೇಲೆ, ಎರಡು ಸಲ. ಅವಳು ನಿದ್ದೆಯಿಂದ ಎಚ್ಚೆತ್ತು, ಯಾಕೆ ಎಂದು ತಿಳಿಯದೆ ಬಾಲವನ್ನು ಹೊಟ್ಟೆಯ ಕೆಳಗೆ ಸಿಕ್ಕಿಸಿಕೊಂಡಿದ್ದಳು. ಮರುದಿನವೂ ಅದೇ. ಅದರ ಮರುದಿನ ಹೆಂಡತಿ ಬಲವಂತದಿಂದ ವೈದ್ಯರಲ್ಲಿಗೆ ಕರೆದೊಯ್ದಳು. ಕೈಗೆ ರಬ್ಬರಿನ ಗವಸು ತೊಡುತ್ತಲೇ ಮಾತಾಡುವ, ನಗದ, ಆದರೆ ಯಾರನ್ನೂ ಅವಸರಪಡಿಸದ ಹೆಂಗಸು ಆಕೆ. "ಇದು ತುಂಟತನ ಅಲ್ಲ. ಗರ್ಭಕೋಶ ತೆಗೆಸಿದ ಹೆಣ್ಣುನಾಯಿಗಳಲ್ಲಿ ಕೆಲವಕ್ಕೆ ವಯಸ್ಸಾಗ್ತಾ ಮೂತ್ರಚೀಲದ ಬಾಯಿ ಸಡಿಲ ಆಗುತ್ತೆ. ಎಚ್ಚರ ಇದ್ದಾಗ ಬಿಗಿ ಹಿಡ್ಕೊಂಡಿರುತ್ತೆ, ಮಲಗಿದಾಗ ಸೋರಿಹೋಗುತ್ತೆ. ಅವಳು ಮಾಡ್ತಾ ಇಲ್ಲ, ಅವಳಿಗೆ ಆಗ್ತಾ ಇದೆ. ಬೈಬೇಡಿ, ಹೊಡೀಬೇಡಿ. ನೀರು ಮಾತ್ರ ಕಡಿಮೆ ಮಾಡ್ಲೇಬೇಡಿ, ಅದ್ರಿಂದ ಇನ್ನೂ ಕೆಡುತ್ತೆ. ಮಲಗೋ ಮುಂಚೆ ಒಂದ್ಸಲ ಹೊರಗೆ ಕರ್ಕೊಂಡು ಹೋಗಿ, ಒದ್ದೆ ಆದ್ರೆ ತೊಳೆದು ಒರೆಸಿ, ಚರ್ಮ ಕೆಂಪಾಗದ ಹಾಗೆ ನೋಡ್ಕೊಳ್ಳಿ." ಹೊಡೀಬೇಡಿ ಎಂದಾಗ ಆಕೆ ಅವನ ಮುಖ ನೋಡಿದ್ದಳೋ ಇಲ್ಲವೋ ಎಂದು ಅವನು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಮೂತ್ರ ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ಬಂತು. ಮಾತ್ರೆ ಶುರುವಾದ ಹತ್ತನೆಯ ದಿನಕ್ಕೆ ಹಾಸಿಗೆ ಒಣಗಿತು.

ಅವನದು ಶುರುವಾದದ್ದು ಅದರ ನಂತರ. ಒಂದು ಭಾನುವಾರ ಮಧ್ಯಾಹ್ನ, ಕೆಮ್ಮಿದಾಗ. ಸ್ವಲ್ಪವೇ. ಆಮೇಲೆ ಕೆಮ್ಮದೆಯೂ. ಐವತ್ತೇಳು ವಯಸ್ಸಿಗೆ ಇದು ಏನೂ ಅಲ್ಲ, ಹೋಗಿ ತೋರಿಸಿದರೆ ಆಯಿತು ಎಂದು ಬೇರೆ ಯಾರಿಗಾದರೂ ಆಗಿದ್ದರೆ ಅವನೇ ಹೇಳುತ್ತಿದ್ದ. ಮೊದಲ ಸಲ ಹೆಂಡತಿ ಕುರ್ಚಿಯ ಒದ್ದೆ ನೋಡಿ, "ಗುಬ್ಬಿಗೆ ಮತ್ತೆ ಶುರುವಾಯ್ತಾ?" ಎಂದಾಗ ಅವನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದ ಅಷ್ಟೆ. ಸುಮ್ಮನಿದ್ದದ್ದು ಎರಡು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಅವಳು ಒರೆಸುವ ಬಟ್ಟೆ ತರಲು ಹೋಗಿಯಾಗಿತ್ತು. ಅವನಿಗೆ ನೆನಪಾದದ್ದು ಅಪ್ಪ. ಕೊನೆಯ ವರ್ಷದಲ್ಲಿ ಅಪ್ಪನ ಮರದ ಕುರ್ಚಿಗೆ ಅಮ್ಮ ಪ್ಲಾಸ್ಟಿಕ್ ಹಾಳೆ ಹಾಸಿದ್ದಳು; ಕೂತರೆ, ಎದ್ದರೆ, ಸ್ವಲ್ಪ ಸರಿದರೂ ಅದು ಚರಚರ ಎನ್ನುತ್ತಿತ್ತು. ಅಪ್ಪನ ಆಫೀಸಿನಿಂದ ಇಬ್ಬರು ನೋಡಲು ಬಂದಿದ್ದರು. ಹದಿನಾರು ವರ್ಷದ ಅವನು, ಯಾರೂ ಕೇಳದಿದ್ದರೂ ತಾನಾಗಿಯೇ, "ಆ ಕಡೆ ಕೂತ್ಕೊಳ್ಳಿ, ಇಲ್ಲಿ ವಾಸನೆ ಬರುತ್ತೆ" ಎಂದಿದ್ದ. ಬಂದವರು ನಗಲೋ ಬೇಡವೋ ಎಂದು ತಿಳಿಯದೆ ಕಿಟಕಿಯಾಚೆ ನೋಡಿದರು. ಅಪ್ಪ ಸಿಟ್ಟಾಗಲಿಲ್ಲ. ಅವರಿಗೆ ಕೇಳಿಸದಿರಲಿ ಎಂಬಂತೆ, ಹಾಳೆ ಸದ್ದು ಮಾಡದ ಹಾಗೆ, ಬಹಳ ಹೊತ್ತು ಅಲುಗಾಡದೆ ಕೂತಿದ್ದರು.

ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಅವನ ಕೆಲಸ. ಕತ್ತಲು ಮಾಡಿ, ದೂರದಲ್ಲಿ ಅಕ್ಷರಗಳ ಫಲಕಕ್ಕೆ ದೀಪ ಹಾಕಿ, ಬಂದವರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ ಕೇಳುವುದು: "ಈಗ ಚೆನ್ನಾಗಿ ಕಾಣ್ತಿದೆಯಾ, ಆಗ ಕಾಣ್ತಿತ್ತಾ?" ಮೂವತ್ತು ವರ್ಷ ಅದನ್ನೇ ಕೇಳಿದ್ದಾನೆ. ಜನ ಕಣ್ಣಿನ ವಿಷಯದಲ್ಲಿ ಎಷ್ಟು ಸುಳ್ಳು ಹೇಳುತ್ತಾರೆಂದು ಹೊರಗಿನವರಿಗೆ ಗೊತ್ತಿಲ್ಲ. ಇವತ್ತು ಬಂದವನು ಲಾರಿ ಚಾಲಕ, ಪರವಾನಗಿ ನವೀಕರಿಸಲು ಕಾಗದ ಬೇಕಿತ್ತು. ಕೊನೆಯ ಸಾಲನ್ನು ಗಡಗಡ ಓದಿಬಿಟ್ಟ. ಅವನು ಫಲಕವನ್ನು ಬೇರೆ ಅಕ್ಷರಗಳ ಬದಿಗೆ ತಿರುಗಿಸಿದ. ಚಾಲಕ ಬಾಯಿ ತೆರೆದು, ಮುಚ್ಚಿ, ಕತ್ತಲಲ್ಲಿ ತೊಡೆ ಉಜ್ಜಿಕೊಂಡ. "ಹೊರಗೆ ಕಾಯ್ತಿರೋವಾಗ ಕೇಳಿಸ್ಕೊಂಡು ಬಾಯಿಪಾಠ ಮಾಡಿದ್ರಾ?" "ಹೊಟ್ಟೆಪಾಡು ಸಾರ್." "ಎದುರಿಗೆ ಬರೋರಿಗೂ ಹೊಟ್ಟೆ ಇರುತ್ತಲ್ಲ." ಅಷ್ಟು ಹೇಳಿದ ಮೇಲೆ ಅವನ ಗಂಟಲು ಒಣಗಿತು. ಬೆಳಗಿನಿಂದ ನೀರು ಕುಡಿದಿರಲಿಲ್ಲ. ನಾಯಿಗೆ ಕಡಿಮೆ ಮಾಡಬೇಡಿ ಎಂದಿದ್ದರು, ತನಗೆ ತಾನೇ ಕಡಿಮೆ ಮಾಡಿಕೊಂಡಿದ್ದ. ಚಾಲಕ ಹೋದ ಮೇಲೆ ಕೌಂಟರಿನ ಹುಡುಗಿ ಒಳಗೆ ಬಂದು ದೀಪ ಹಾಕಿದಳು. "ಸಾರ್, ನಿಮ್ಮ ಸ್ಟೂಲ್ ಮೇಲೆ ಏನೋ ಚೆಲ್ಲಿದೆ." "ಗಾಜು ಒರೆಸೋ ನೀರು," ಎಂದ. ಉತ್ತರ ಎಷ್ಟು ಬೇಗ ಬಂತೆಂದರೆ, ಅವಳು ಕೇಳುವ ಮೊದಲೇ ಅದು ನಾಲಿಗೆಯ ಮೇಲೆ ಕೂತಿತ್ತು. ಅವಳು ತಲೆಯಾಡಿಸಿ ಹೋದಳು. ಆದರೆ ಬಾಗಿಲ ಬಳಿ ಒಂದು ಗಳಿಗೆ ನಿಂತಳು, ಉಸಿರು ಒಳಗೆಳೆದುಕೊಂಡಳು ಎಂದು ಅವನಿಗೆ ಅನ್ನಿಸಿತು. ಇಲ್ಲಿ ಕರೆದು ಕೂರಿಸಲು ಗುಬ್ಬಿ ಇರಲಿಲ್ಲ.

ನಾಲ್ಕೂವರೆಗೆ ಮನೆಗೆ ಬಂದಾಗ ಗುಬ್ಬಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವನ ಹೆಜ್ಜೆ ಕೇಳಿ ಕಿವಿ ನಿಮಿರಿತು, ತಲೆ ತಿರುಗಲಿಲ್ಲ. ಮಾತ್ರೆ ಎರಡನೆಯ ಸಲ ಹೆಚ್ಚಿಸಿದಾಗಿನಿಂದ ಹೀಗೆ: ಊಟ ಬೇಡ, ಮಲಗಿದರೆ ನಿದ್ದೆಯಿಲ್ಲ, ಎದ್ದರೆ ಮನೆಯ ತುಂಬ ತಿರುಗಾಟ. ನಿನ್ನೆ ಎದೆಯ ಮೇಲೆ ಕೈಯಿಟ್ಟಾಗ ಒಳಗೆ ಯಾರೋ ಓಡಿಹೋಗುತ್ತಿರುವಂತೆ ಬಡಿಯುತ್ತಿತ್ತು. ಪ್ರಮಾಣ ಹೆಚ್ಚಿಸಿದ ಎರಡು ವಾರಕ್ಕೆ ರಕ್ತದೊತ್ತಡ ನೋಡಲೇಬೇಕು, ಕರೆತನ್ನಿ ಎಂದಿದ್ದರು ವೈದ್ಯೆ. ಆ ದಿನ ಕರೆದೊಯ್ಯಬೇಕಾಗಿದ್ದವನು ಅವನು. ಆಕೆಯ ಪ್ರಶ್ನೆಗಳನ್ನು ನೆನೆದು, ನಾಯಿಯನ್ನು ಉದ್ಯಾನದ ಸುತ್ತ ಎರಡು ಸುತ್ತು ಹಾಕಿಸಿ ಮನೆಗೆ ತಂದು, "ಬಾಗಿಲು ಹಾಕಿತ್ತು" ಎಂದಿದ್ದ. ಅದಾಗಿ ತಿಂಗಳು. ಹೊರಡುವಾಗ ಹೊಸ್ತಿಲಲ್ಲಿ ಗುಬ್ಬಿ ಕಾಲೆತ್ತಿ ಗಾಳಿಯಲ್ಲಿ ತಡಕಿದಳು, ಮೆಟ್ಟಿಲು ತಪ್ಪಿ ಗದ್ದ ಊರಿದಳು. "ವಯಸ್ಸಾಯ್ತು ನಮ್ಮ ಮುದ್ದೂಗೆ," ಎಂದು ಹೆಂಡತಿ ಅವಳ ಮೂತಿ ಒರೆಸಿದಳು. ಅವನು ಹಗ್ಗ ಹಿಡಿದು ಮುಂದೆ ನಡೆದ. ಬೆನ್ನಿನ ಮೇಲೆ ಆ ಕಣ್ಣು ಚುಚ್ಚುತ್ತಿದ್ದುದರಿಂದ ತಿರುಗಿ ನೋಡಲಿಲ್ಲ.

ವೈದ್ಯೆ ಪುಸ್ತಕವನ್ನು ಮೇಜಿನ ದೀಪದಡಿ ಇಟ್ಟು ಓದಿದಳು. ಬೆರಳು ಅವನ ಅಕ್ಷರಗಳ ಮೇಲೆ ಸಾಲು ಸಾಲಾಗಿ ಇಳಿಯುತ್ತಿತ್ತು.

"ಇಲ್ಲಿವರೆಗೂ ನಿದ್ದೆ. ಇಲ್ಲಿಂದ ಎಲ್ಲಾ ಎಚ್ಚರ. ಹಾಸಿಗೆ ಒಂದ್ಸಲಾನೂ ಒದ್ದೆ ಆಗಿಲ್ವಾ?"

"ಇಲ್ಲ ಡಾಕ್ಟರೇ," ಎಂದಳು ಹೆಂಡತಿ. "ಬರೀ ಕುರ್ಚಿ. ಅದ್ಯಾಕೋ ಅದೇ ಕುರ್ಚಿ ಬೇಕು ಅವಳಿಗೆ."

"ಹತ್ತೋದನ್ನ ನೀವು ನೋಡಿದೀರಾ?"

"ನಾನು ನೋಡಿಲ್ಲ. ಇವರು ನೋಡಿದಾರೆ."

ವೈದ್ಯೆ ಅವನ ಕಡೆ ತಿರುಗಿದಳು. ಕತ್ತಲ ಕೋಣೆಯಲ್ಲಿ ತಾನು ಗಾಜು ಬದಲಿಸಿ ಕಾಯುವಂತೆಯೇ ಆಕೆ ಕಾಯುತ್ತಿದ್ದಳು. "ಹೌದು," ಎಂದ ಅವನು. "ಹತ್ತುತ್ತಾಳೆ."

"ವಿಚಿತ್ರ. ಕಾಯಿಲೆ ಹೀಗೆ ದಾರಿ ಬದಲಿಸೋದು ಕಡಿಮೆ." ಆಕೆ ಗುಬ್ಬಿಯ ಮುಂಗಾಲಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು, ಮುಳ್ಳನ್ನು ನೋಡಿದಳು, ಮತ್ತೊಮ್ಮೆ ತುಂಬಿದಳು. ಮೂರನೆಯ ಸಲ ನೋಡಿ ಪಟ್ಟಿ ಬಿಚ್ಚಿದಳು. ಡಬ್ಬಿಯಿಂದ ಹತ್ತಿಯ ಉಂಡೆಯೊಂದನ್ನು ತೆಗೆದು ಗುಬ್ಬಿಯ ಮುಖದ ಮುಂದೆ ಎತ್ತರದಿಂದ ಬಿಟ್ಟಳು. ಹತ್ತಿ ಸದ್ದಿಲ್ಲದೆ ಬಿತ್ತು. ಗುಬ್ಬಿ ಅಲುಗಲಿಲ್ಲ. ಬಲಗಡೆ ಒಂದು, ಎಡಗಡೆ ಒಂದು. ಅಲುಗಲಿಲ್ಲ. ಆಕೆ ಕೈಬ್ಯಾಟರಿ ಹಚ್ಚುವ ಮೊದಲೇ ಅವನಿಗೆ ತಿಳಿದುಹೋಯಿತು. ಬೆಳಕು ಕಣ್ಣಿಗೆ ನೇರ ಬಿದ್ದರೂ ಪಾಪೆ ಕಿರಿದಾಗಲಿಲ್ಲ. ಬಾವಿಯಂತೆ ಅಗಲವಾಗಿಯೇ ಉಳಿಯಿತು. ಬೇರೆ ಯಾರು ಗುರುತಿಸದಿದ್ದರೂ ಅವನು ಗುರುತಿಸಬೇಕಿತ್ತು. ಹಗಲ ಬೆಳಕಿನಲ್ಲಿ ಅಷ್ಟು ಅಗಲವಾದ ಕಪ್ಪು ಕಣ್ಣು, ಒಂದು ವಾರ, ತನ್ನ ಮೊಣಕಾಲಿನಷ್ಟು ಹತ್ತಿರ. ಅವಳು ಅವನನ್ನು ನೋಡುತ್ತಿರಲೇ ಇಲ್ಲ. ದೂರುತ್ತಿರಲಿಲ್ಲ, ಅಣಕಿಸುತ್ತಿರಲಿಲ್ಲ, ಗುಟ್ಟು ಇಟ್ಟುಕೊಂಡಿರಲಿಲ್ಲ. ದನಿ ಬಂದತ್ತ ಮುಖವೆತ್ತಿ, ಏನಾದರೂ ಕಾಣುತ್ತದೋ ಎಂದು ಕಾಯುತ್ತಿದ್ದಳು.

"ಯಾವಾಗಿಂದ ಕಾಣಿಸ್ತಿಲ್ಲ ಇವಳಿಗೆ?" ಎಂದಳು ವೈದ್ಯೆ.

ಹೆಂಡತಿ ಬಾಯಿಗೆ ಕೈಯಿಟ್ಟುಕೊಂಡಳು. "ಏನಂದ್ರಿ?"

"ಬಿಪಿ ತುಂಬಾ ಏರಿದೆ. ಕಣ್ಣಿನ ಹಿಂದಿನ ಪೊರೆ ಕಳಚಿರೋ ಹಾಗಿದೆ, ಎರಡೂ ಕಡೆ. ಈ ಮಾತ್ರೆ ಕೆಲವಕ್ಕೆ ಬಿಪಿ ಏರಿಸುತ್ತೆ, ಅದಕ್ಕೇ ಎರಡು ವಾರಕ್ಕೆ ಬನ್ನಿ ಅಂದಿದ್ದೆ."

"ಬಂದಿದ್ರು ಡಾಕ್ಟರೇ. ನೀವು ಬಾಗಿಲು ಹಾಕಿದ್ರಂತೆ."

"ನಾನು ಬಾಗಿಲು ಹಾಕಿಲ್ಲ," ಎಂದಳು ವೈದ್ಯೆ, ಜಗಳದ ದನಿಯಲ್ಲಲ್ಲ. ಈಗ ಹೇಳಬೇಕು ಎಂದುಕೊಂಡ ಅವನು. ನಾಲಿಗೆ ಮೇಲಿನ ಹಲ್ಲಿಗೆ ತಾಗಿತು. ಆಕೆ ಚೀಟಿ ಬರೆಯಲು ಶುರುಮಾಡಿದಳು. ಬರೆದು ಮುಗಿಸಲಿ ಎಂದುಕೊಂಡ. "ಬಿಪಿ ಇಳಿಸೋಕೆ ಇದು, ಇವತ್ತೇ ಶುರು ಮಾಡಿ. ನೋಟ ಒಂದಿಷ್ಟು ವಾಪಸ್ ಬರಬಹುದು, ಬರದೇನೂ ಇರಬಹುದು. ಹಳೇ ಮಾತ್ರೆ ಪೂರ್ತಿ ಬಂದ್. ಆದ್ರೆ ಅಷ್ಟು ಪ್ರಮಾಣಕ್ಕೂ ಸೋರೋದು ನಿಂತಿಲ್ಲ ಅಂದ್ರೆ ಒಳಗೆ ಬೇರೇನೋ ಇದೆ. ಬಿಪಿ ಇಳಿದ ತಕ್ಷಣ ಅರಿವಳಿಕೆ ಕೊಟ್ಟು, ಕೊಳವೆ ಹಾಕಿ ನೋಡಬೇಕು. ಈ ವಯಸ್ಸಿಗೆ, ಈ ಎದೆಗೆ ಅರಿವಳಿಕೆ ಸುಲಭ ಅಲ್ಲ. ಏಳದೇನೂ ಇರಬಹುದು. ಅದನ್ನೂ ಹೇಳಿಬಿಡ್ತೀನಿ."

"ಮಾಡಿ," ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. "ಹೀಗೆ ನರಳೋದಕ್ಕಿಂತ ಏನಿದೆಯೋ ಗೊತ್ತಾಗಲಿ. ಏನಂತೀರಿ ನೀವು?"

ಅವನು ತಲೆಯಾಡಿಸಿದ. ತಲೆ ತಾನಾಗಿಯೇ ಆಡಿತು. ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಎಂದು ವೈದ್ಯೆ ಗೋಡೆಯ ಹಾಳೆಯಲ್ಲಿ ಗುರುತು ಹಾಕಿದಳು. ಮಾಡುವುದು ಬೇರೆ, ಆಗುವುದು ಬೇರೆ ಎಂದು ಮೊದಲ ದಿನವೇ ಹೇಳಿದ್ದಳಲ್ಲ ಈ ವೈದ್ಯೆ. ಈ ತಲೆಯಾಟ ಯಾವುದು?

ಆಸ್ಪತ್ರೆಯ ಹೊರಗೆ ಬೀದಿಗೆ ಇಳಿಯಲು ಐದು ಕಡಿದಾದ ಮೆಟ್ಟಿಲು. ಗುಬ್ಬಿ ಅಂಚಿನಲ್ಲಿ ನಿಂತು ನಡುಗಿದಳು. ಅವನು ಬಾಗಿ, ಒಂದು ಕೈ ಎದೆಯಡಿ, ಒಂದು ಕೈ ತೊಡೆಯಡಿ ಹಾಕಿ, ಉಸಿರು ಬಿಗಿಹಿಡಿದು ಎತ್ತಿದ. ಇಪ್ಪತ್ತೆರಡು ಕಿಲೋ ಹೊಟ್ಟೆಯ ಮೇಲೆ ಒತ್ತಿತು. ಎರಡನೆಯ ಮೆಟ್ಟಿಲಲ್ಲಿ ಅದು ಶುರುವಾಯಿತು. ಈ ಸಲ ಅಂಗೈಯಗಲವಲ್ಲ, ನಿಲ್ಲಿಸಲಾಗದ ಹಾಗೆ, ಬಿಸಿಯಾಗಿ, ತೊಡೆಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಬೂಟಿನೊಳಕ್ಕೆ. ಕಲ್ಲಿನ ಮೇಲೆ ಹನಿ ಬಿದ್ದವು. ಸರದಿಗಾಗಿ ಬೆಂಚಿನ ಮೇಲೆ ಕೂತಿದ್ದ, ಬೆಕ್ಕಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಗಂಡಸು ಕಾಲು ಹಿಂದಕ್ಕೆಳೆದುಕೊಂಡು ಸಮಾಧಾನದ ನಗೆ ನಕ್ಕ. "ಪರವಾಗಿಲ್ಲ ಬಿಡಿ ಸಾರ್. ಪಾಪ, ಮೂಕಪ್ರಾಣಿ, ಹೆದರ್ಕೊಂಡಿದೆ."

"ಅಯ್ಯೋ ಗುಬ್ಬೀ," ಎಂದು ಹೆಂಡತಿ ಚೀಲದಿಂದ ಟವೆಲು ಎಳೆದು ನಾಯಿಯ ಹಿಂಭಾಗವನ್ನು ಒತ್ತಿ ಒರೆಸಿದಳು. ಟವೆಲು ನೋಡಿದಳು. ತಿರುಗಿಸಿ, ಬಾಲದಡಿ, ತೊಡೆಯ ಸಂದಿಯಲ್ಲಿ, ಮತ್ತೆ ಒರೆಸಿದಳು. ಟವೆಲು ಒಣಗಿಯೇ ಇತ್ತು.

"ಅವಳಲ್ಲ," ಎಂದ ಅವನು.

"ಏನು?"

"ಅವಳಲ್ಲ ಇದು. ನಾನು. ಕುರ್ಚಿದೂ ನಂದೇ."

ಬೆಕ್ಕಿನವನು ಬುಟ್ಟಿಯ ಮುಚ್ಚಳದಲ್ಲಿ ಏನನ್ನೋ ಹುಡುಕತೊಡಗಿದ. ಹೆಂಡತಿ ಟವೆಲು ಹಿಡಿದುಕೊಂಡೇ ನಿಂತಿದ್ದಳು. ಅವಳ ಮುಖದಲ್ಲಿ ಅಸಹ್ಯ ಬರುತ್ತದೆಂದು ಮೂರು ತಿಂಗಳು ಹೆದರಿದ್ದ, ಬಂದದ್ದು ಅದಲ್ಲ. ಅವನನ್ನು ಈ ಮೊದಲು ನೋಡಿರದವಳಂತೆ ಅವಳು ಹುಬ್ಬು ಗಂಟಿಕ್ಕಿದಳು.

"ಯಾವ್ಯಾವುದು ನಿಮ್ದು?"

"ನನ್ನ ಅಕ್ಷರ ಇರೋದೆಲ್ಲಾ."

"ಎಲ್ಲಾನೂ?"

"ಎಲ್ಲಾನೂ. ಅವಳಿಗೆ ಯಾವತ್ತೋ ವಾಸಿಯಾಗಿತ್ತು."

"ಬಾಗಿಲು ಹಾಕಿತ್ತು ಅಂದಿದ್ದು?"

ಅವನು ತೋಳಿನಿಂದ ಜಾರುತ್ತಿದ್ದ ಗುಬ್ಬಿಯನ್ನು ಮೇಲಕ್ಕೆತ್ತಿಕೊಂಡ. ಅವಳು ಪುಸ್ತಕವನ್ನು ಕಂಕುಳಿಗೆ ಸೇರಿಸಿ, ಟವೆಲನ್ನು ಅವನಿಗೂ ಕೊಡದೆ, ಚೀಲಕ್ಕೂ ಹಾಕದೆ, ಮೆಟ್ಟಿಲ ಕಟ್ಟೆಯ ಮೇಲಿಟ್ಟಳು. "ಇಲ್ಲೇ ಇರಿ," ಎಂದು ಒಳಗೆ ಹೋದಳು. ಬಾಗಿಲು ಮುಚ್ಚಿಕೊಳ್ಳುವ ಮೊದಲು ಅವಳು "ಡಾಕ್ಟರೇ, ಮಂಗಳವಾರದ್ದು ಬೇಡ" ಎಂದದ್ದು ಅವನಿಗೆ ಕೇಳಿಸಿತು, ಮುಂದಿನದು ಕೇಳಿಸಲಿಲ್ಲ.

ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಹೋಗುತ್ತಿದ್ದರು. ಒಂದು ಮಗು ಅವನ ಪ್ಯಾಂಟಿನ ಕಡೆ ಬೆರಳು ಮಾಡಿತು. ಅವನ ತೋಳುಗಳು ಕಂಪಿಸತೊಡಗಿದ್ದವು, ಒದ್ದೆ ಬಟ್ಟೆ ತಣ್ಣಗಾಗುತ್ತ ಚರ್ಮಕ್ಕೆ ಅಂಟುತ್ತಿತ್ತು. ಗುಬ್ಬಿ ಮೂಗು ಅರಳಿಸಿ ಗಾಳಿಯಲ್ಲಿ ಹುಡುಕಿ, ಅವನ ಕುತ್ತಿಗೆಯನ್ನು ಕಂಡುಕೊಂಡು, ಗದ್ದ ಅಲ್ಲಿಟ್ಟಳು. ಅವಳ ಎದೆ ಅವನ ಎದೆಯ ಮೇಲೆ ಓಡುತ್ತಲೇ ಇತ್ತು. ಕೆಳಗಿಳಿಸಿದರೆ ಮೆಟ್ಟಿಲು ಎಲ್ಲಿ ಮುಗಿಯುತ್ತದೆಂದು ಅವಳಿಗೆ ತಿಳಿಯುವುದಿಲ್ಲ. ಒಳಗಿನಿಂದ ಯಾರೂ ಕರೆಯಲಿಲ್ಲ. ಅವನು ಎರಡನೆಯ ಮೆಟ್ಟಿಲಿನಲ್ಲಿಯೇ, ಅವಳನ್ನು ಎತ್ತಿಕೊಂಡು, ನಿಂತಿದ್ದ.